ತಿಂಗಳನ್ನು ಸಾರುವ ಅಧಿಕಾರ

ಅಧಿಕಮಾಸವನ್ನು ಬಲ್ಲ ನಮಗೆ ಯೆಹೂದ್ಯರ ಪಂಚಾಂಗ ಅಷ್ಟೇನೂ ಅಪರಿಚಿತವೆನಿಸದು. ಅವರ ಹನ್ನೆರಡು ಚಾಂದ್ರಮಾಸಗಳಿಗೂ ಸುಮಾರು 354 ದಿನ; ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಮೆ. ಹಾಗೆಯೇ ಬಿಟ್ಟರೆ ಹಬ್ಬಗಳು ಋತುವಿನಿಂದ ಋತುವಿಗೆ ಜಾರುತ್ತವೆ. ಪಸ್ಕಹಬ್ಬವಾದರೋ ವಸಂತದಲ್ಲಿಯೇ ಬರಬೇಕೆಂದು ಶಾಸ್ತ್ರವಿಧಿ. ಆದುದರಿಂದ 19 ವರ್ಷಗಳಲ್ಲಿ ಏಳು ಸಲ ಅಧಿಕಮಾಸ. ನಮ್ಮಲ್ಲಿ ಅದು ಬೇರೆ ಬೇರೆ ಮಾಸಗಳಿಗೆ ಅಂಟಿಕೊಂಡೀತು. ಅವರಲ್ಲಿ ಫೆಬ್ರವರಿ-ಮಾರ್ಚಿನ ಅದಾರ್ ಮಾತ್ರವೇ ಎರಡಾಗುತ್ತದೆ. ಅದರ ಬೆನ್ನಿಗೆ ಬರುವ ನಿಸಾನ್ ಹೆಚ್ಚುಕಡಮೆ ನಮ್ಮ ಚೈತ್ರ. ಮಾಸಗಳ ಎಣಿಕೆ ಅಲ್ಲಿಂದ. ಹೊಸ ವರ್ಷ ಮಾತ್ರ ಏಳನೆಯ ಮಾಸವಾದ ತಿಶ್ರಿಯಲ್ಲಿ, ಸೆಪ್ಟೆಂಬರ್-ಅಕ್ಟೋಬರಿಗೆ. ಹೆಸರುಗಳು ಬ್ಯಾಬಿಲೋನಿನ ಸೆರೆವಾಸದಲ್ಲಿ ಬಂದವು. ಬೇಸಗೆಯ ತಮ್ಮೂಜ್ ಅಲ್ಲಿಯ ದೇವತೆಯೊಬ್ಬನ ಹೆಸರು. ಏಕದೇವನಿಷ್ಠರು ಅದನ್ನು ಹೇಗೆ ಉಳಿಸಿಕೊಂಡರೋ!

ಇಂದು ಇದೆಲ್ಲ ಗಣಿತದ ಮಾತು. ಹಿಂದೆ ಹಾಗಿರಲಿಲ್ಲ. ಎಳೆಚಂದ್ರನನ್ನು ಕಣ್ಣಾರೆ ಕಂಡವರು ಧರ್ಮಸಭೆಯ ಮುಂದೆ ಸಾಕ್ಷಿ ನುಡಿಯಬೇಕು. ಸಭೆ ಸಾರಿದ ಮೇಲೆಯೇ ಹೊಸ ಮಾಸ. ಜೆರೂಸಲೇಮಿನ ಬಳಿಯ ಎಣ್ಣೆಮರಗಳ ಗುಡ್ಡದಿಂದ ಪಂಜು ಬೀಸಿ, ಗುಡ್ಡದಿಂದ ಗುಡ್ಡಕ್ಕೆ ಬ್ಯಾಬಿಲೋನಿನವರೆಗೆ ಸುದ್ದಿ ಮುಟ್ಟಿಸುತ್ತಿದ್ದರು. ವಿರೋಧಿಗಳಾದ ಸಮಾರ್ಯರು ಸುಳ್ಳು ಪಂಜು ಹಚ್ಚತೊಡಗಿದ ಮೇಲೆ ದೂತರನ್ನೇ ಕಳುಹಿಸಬೇಕಾಯಿತೆಂದು ಕ್ರಿ.ಶ. 200ರ ಸುಮಾರಿನ ಮಿಶ್ನಾ ಹೇಳುತ್ತದೆ.

ಅದರಲ್ಲಿಯೇ ಇನ್ನೊಂದು ಪ್ರಸಂಗವಿದೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದ ಬಳಿಕ ಯವ್ನೆಯಲ್ಲಿ ನೆಲೆಸಿದ ಸಭೆಗೆ ಗಮಲಿಯೇಲನು ಅಧ್ಯಕ್ಷ. ಒಮ್ಮೆ ಇಬ್ಬರು ಸಾಕ್ಷಿಗಳು ಸಕಾಲದಲ್ಲಿ ಚಂದ್ರನನ್ನು ಕಂಡೆವೆಂದರು. ಮರುರಾತ್ರಿ ಚಂದ್ರ ಕಾಣಿಸಲಿಲ್ಲ. ಆದರೂ ಅವನು ಸಾಕ್ಷ್ಯವನ್ನು ಒಪ್ಪಿದ. ದೋಸಾ ಎಂಬ ವೃದ್ಧ ಪಂಡಿತ ಇವರು ಸುಳ್ಳರೆಂದ; ಹೆತ್ತವಳ ಹೊಟ್ಟೆ ಮರುದಿನವೂ ಉಬ್ಬಿಕೊಂಡಿರುವುದುಂಟೆ ಎಂದು ಕೇಳಿದ. ಯೆಹೋಶುವನಿಗೂ ಅದೇ ಸರಿ ಕಂಡಿತು. ನನಗೂ ಅವರ ತರ್ಕ ಬಲವಾದುದೆಂದೇ ತೋರುತ್ತದೆ. ಆದರೆ ತಿಶ್ರಿಯ ಆರಂಭ ಒಂದು ದಿನ ಹಿಂದುಮುಂದಾದರೆ ಅದರ ಹತ್ತನೆಯ ದಿನವಾದ ದೋಷಪರಿಹಾರಕ ದಿನವೂ ಬದಲಾಗಬೇಕು. ಒಂದು ಮನೆ ಉಪವಾಸವಿರುವಾಗ ಪಕ್ಕದ ಮನೆಯಲ್ಲಿ ಊಟ! ಗಮಲಿಯೇಲ ಕಠಿನ ಆಜ್ಞೆ ಕಳುಹಿಸಿದ: ನಿನ್ನ ಲೆಕ್ಕದಲ್ಲಿ ಯಾವ ದಿನ ಆ ಪವಿತ್ರದಿನವೋ, ಆ ದಿನ ಕೋಲನ್ನೂ ಹಣವನ್ನೂ ಹಿಡಿದು ನನ್ನೆದುರಿಗೆ ಬಾ. ಆ ದಿನ ಅವನ್ನು ಹೊತ್ತು ದಾರಿ ನಡೆಯುವುದೇ ಪಾಪ. ಯೆಹೋಶುವ ನೊಂದುಹೋದ. ಹಬ್ಬಗಳನ್ನು ನೀವು ಸಾರಿರಿ ಎಂದು ಶಾಸ್ತ್ರ ಹೇಳಿದೆಯಾದ್ದರಿಂದ, ಕಾಲ ತಪ್ಪಿದರೂ ಸಾರಿದ ದಿನವೇ ಹಬ್ಬವೆಂದು ಅಕೀವ ಸಮಾಧಾನಪಡಿಸಿದ. ಯೆಹೋಶುವ ಕೋಲು ಹಿಡಿದು ನಡೆದ. ಗಮಲಿಯೇಲ ಎದ್ದು ಬಂದು ಅವನ ತಲೆಗೆ ಮುತ್ತಿಟ್ಟು, ವಿದ್ಯೆಯಲ್ಲಿ ಗುರು, ವಿಧೇಯತೆಯಲ್ಲಿ ಶಿಷ್ಯನೆಂದು ಬರಮಾಡಿಕೊಂಡನಂತೆ.

ನಾಲ್ಕನೆಯ ಶತಮಾನದಲ್ಲಿ ಎರಡನೆಯ ಹಿಲ್ಲೇಲ ಲೆಕ್ಕವನ್ನೇ ಪ್ರಕಟಿಸಿದನೆಂದು ಪರಂಪರೆಯ ನಂಬಿಕೆ. ಸಾಕ್ಷಿಗಳ, ದೂತರ ಕೆಲಸ ಮುಗಿಯಿತು. ಆದರೂ ದೂತರು ಸಕಾಲಕ್ಕೆ ಮುಟ್ಟದ ದೂರದೇಶಗಳಲ್ಲಿ ಸಂಶಯಕ್ಕೆಂದು ಆಚರಿಸುತ್ತಿದ್ದ ಹಬ್ಬದ ಎರಡನೆಯ ದಿನವನ್ನು ಸಂಪ್ರದಾಯನಿಷ್ಠರು ಇಂದಿಗೂ ಬಿಟ್ಟಿಲ್ಲ. ದೋಷಪರಿಹಾರಕ ದಿನ ಮಾತ್ರ ಒಂದೇ; ಎರಡು ದಿನ ನೀರೂ ಇಲ್ಲದೆ ಉಪವಾಸವಿರುವವರು ಯಾರು?