ನೀಹಾರಿಕೆಯ ಬಣ್ಣ ಸುಳ್ಳಾ? ಪುಣೆಯಲ್ಲಿ ಪರೀಕ್ಷೆಗೆ ಬಂದ ಒಂದು ಹಸಿರು ಗೆರೆ

ಎಲ್ಲೋರ ನೋಡೋಕೆ ಹೋದವರು ಪಕ್ಕದ ಖುಲ್ತಾಬಾದಿಗೂ ಹೋಗಿರ್ತೀರಿ. ಅಲ್ಲಿ ಔರಂಗಜೇಬನ ಗೋರಿಗೆ ಗುಮ್ಮಟ ಇಲ್ಲ, ಮೇಲೆ ಬರೀ ಆಕಾಶ. ಚಳಿಗಾಲದ ರಾತ್ರಿ ಆ ಊರಲ್ಲಿ ತಲೆ ಎತ್ತಿದರೆ ಮಹಾವ್ಯಾಧ ಕಾಣ್ತಾನೆ. ಅವನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಒಂದು ಮಸುಕು ಮಚ್ಚೆ ಇದೆಯಲ್ಲ, ಅದೇ ಓರಿಯನ್ ನೀಹಾರಿಕೆ. ಕಣ್ಣಿಗೆ ಬೂದಿ ಬಣ್ಣ, ಫೋಟೋದಲ್ಲಿ ಕೆಂಪು. "ಇದು ಕಂಪ್ಯೂಟರಿನಲ್ಲಿ ಬಳಿದ ಬಣ್ಣ ಅಲ್ವಾ?" ಅಂತ ಎಷ್ಟೋ ಜನ ಕೇಳ್ತಾರೆ. ಇದಕ್ಕೆ ಉತ್ತರ ಬೇಕಾದರೆ ಇದೇ ಮಹಾರಾಷ್ಟ್ರದ ಪುಣೆಗೆ, 1891ಕ್ಕೆ ಹೋಗಬೇಕು.

ಮೊದಲು ಸ್ವಲ್ಪ ಹಿನ್ನೆಲೆ. ನೀಹಾರಿಕೆಯೊಂದರ ಮೊದಲ ಫೋಟೋ ತೆಗೆದದ್ದು ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು. ಇದೇ ಓರಿಯನ್ ನೀಹಾರಿಕೆ, 51 ನಿಮಿಷದ ಎಕ್ಸ್‌ಪೋಷರ್. 1883ರಲ್ಲಿ ಇಂಗ್ಲೆಂಡಿನ ಆಂಡ್ರೂ ಕಾಮನ್ ತೆಗೆದ ಚಿತ್ರದಲ್ಲಂತೂ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು. ಆದರೆ ಆ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಹಿಡಿಯುತ್ತಿತ್ತು, ಕೆಂಪು ಬಹುಮಟ್ಟಿಗೆ ಕಾಣುತ್ತಲೇ ಇರಲಿಲ್ಲ. ಆಕಾರ ಸಿಕ್ಕಿತು, ಅದು ಯಾವ ವಸ್ತುವಿನ ಬೆಳಕು ಅನ್ನೋದು ಸಿಗಲಿಲ್ಲ.

ಅದನ್ನು ಹೇಳಬೇಕಾದ್ದು ರೋಹಿತದರ್ಶಕ. 1864ರಲ್ಲಿ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದಾಗ ಕಾಮನಬಿಲ್ಲು ಕಾಣಲಿಲ್ಲ, ಬಿಡಿಬಿಡಿ ಗೆರೆಗಳು ಕಂಡವು. ಅಂದರೆ ಅದು ಹೊಳೆಯುವ ಅನಿಲ. ಮುಖ್ಯ ಗೆರೆ ಹಸಿರು. ಯಾವ ಧಾತುವಿನದು? ಹೀಲಿಯಂ ಖ್ಯಾತಿಯ ನಾರ್ಮನ್ ಲಾಕಿಯರ್ "ಮೆಗ್ನೀಸಿಯಂ" ಅಂದರು. ನೀಹಾರಿಕೆ ಉಲ್ಕೆಗಳ ಗುಂಪು ಅನ್ನೋ ಅವರ ಸಿದ್ಧಾಂತಕ್ಕೆ ಅದು ಬೇಕಿತ್ತು. ಅವರು ಹೇಳಿದ್ದು ನಿಜವಾದರೆ ಆ ಗೆರೆ ಒಂದು ಪಟ್ಟಿಯ ಅಂಚು, ಒಂದು ಬದಿ ಮಸುಕಾಗಿರಬೇಕು.

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಭಾವನಗರದ ಮಹಾರಾಜರ ನೆರವಿನಿಂದ ಕಟ್ಟಿದ ವೀಕ್ಷಣಾಲಯ ಇತ್ತು. ಅಲ್ಲಿನ ಪ್ರಾಧ್ಯಾಪಕ ಕಾವಸ್‌ಜಿ ದಾದಾಭಾಯಿ ನಾಯಗಾಂವಾಲಾ ಓರಿಯನ್ ನೀಹಾರಿಕೆಯ ಆ ಗೆರೆಯನ್ನು ಪರೀಕ್ಷಿಸಿ 1891ರಲ್ಲಿ ಪ್ರಕಟಿಸಿದರು. ಎಲ್ಲಿ ನೋಡಿದರೂ ಗೆರೆ ಚೂಪಾಗಿತ್ತು. ಲಂಡನ್ನಿನ ದೊಡ್ಡ ಹೆಸರಿಗೆ ಪುಣೆಯಿಂದ ಹೋದ ಉತ್ತರ ಅದು!

ಹಾಗಾದರೆ ಅದು ಏನು? 1927ರಲ್ಲಿ ಐರಾ ಬೋವೆನ್ ಬಿಡಿಸಿದರು: ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ. ತರಂಗಾಂತರ 500.7 ನ್ಯಾನೋಮೀಟರ್.

ಈಗ ನಮ್ಮ ಪ್ರಶ್ನೆಗೆ ಬರೋಣ. ಇವತ್ತು ಹವ್ಯಾಸಿ ಫೋಟೋಗ್ರಾಫರ್ ಕ್ಯಾಮೆರಾ ಮುಂದೆ ಹಾಕುವ ಆಮ್ಲಜನಕದ ಫಿಲ್ಟರ್ ಬಿಡೋದು ಇದೇ ಗೆರೆಯನ್ನ. ಜಲಜನಕದ ಫಿಲ್ಟರ್ 656.3 ನ್ಯಾನೋಮೀಟರಿನ ಕೆಂಪನ್ನ. ಒಂದೊಂದರಲ್ಲೂ ಹತ್ತಾರು ಚಿತ್ರ ತೆಗೆದು ಒಟ್ಟುಗೂಡಿಸ್ತಾರೆ. 16 ಚಿತ್ರ ಸೇರಿಸಿದರೆ ಬೆಳಕಿನ ಮಾಹಿತಿ ಹಾಗೇ ಉಳಿದು, ಕಾಳುಕಾಳಾದ ಗೊಂದಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಆ ಕೆಂಪು ಅಲ್ಲಿ ನಿಜವಾಗಿಯೂ ಇದೆ. ಮಂದ ಬೆಳಕಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲ್ಲ, ಅಷ್ಟೇ.

ಹಬಲ್‌ನ 1995ರ ಈಗಲ್ ನೀಹಾರಿಕೆ ಚಿತ್ರದಲ್ಲಿ ಮಾತ್ರ ಜಲಜನಕಕ್ಕೆ ಹಸಿರು ಕೊಟ್ಟರು. ಯಾಕೆ? ಗಂಧಕದ ಗೆರೆಯೂ ಕೆಂಪೇ, ಎರಡೂ ಕಲೆತುಹೋಗ್ತಿದ್ದವು. ನಕಾಶೆಯಲ್ಲಿ ಜಿಲ್ಲೆಗಳಿಗೆ ಬೇರೆ ಬೇರೆ ಬಣ್ಣ ಕೊಡಲ್ವಾ, ಹಾಗೆ. ಯಾವ ಬಣ್ಣ ಯಾವ ಧಾತುವಿಗೆ ಅಂತ ಹೇಳಿದರೆ ಅದು ಸುಳ್ಳಲ್ಲ. ಬಾರದ ಬೆಳಕನ್ನು ಬಂದಂತೆ ಬಳಿದರೆ ಅದು ಸುಳ್ಳು.

1912ರಲ್ಲಿ ಪುಣೆಯ ವೀಕ್ಷಣಾಲಯ ಮುಚ್ಚಿತು, ಅದರ 20 ಅಂಗುಲದ ದೂರದರ್ಶಕ ಕೊಡೈಕನಾಲ್‌ಗೆ ಹೋಯಿತು. ಮುಂದಿನ ಸಲ ನೀಹಾರಿಕೆಯ ಫೋಟೋ ಸಿಕ್ಕಾಗ "ಬಣ್ಣ ನಿಜಾನಾ?" ಅನ್ನೋ ಬದಲು "ಇದು ಯಾವ ಗೆರೆ?" ಅಂತ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.