ಸಮಕಾಲೀನ ಬಾಲ್ಕನ್ ಚೇಂಬರ್ ಸಂಗೀತ

ಸಮಕಾಲೀನ ಬಾಲ್ಕನ್ ಚೇಂಬರ್ ಸಂಗೀತ ಎಂಬುದು ಆಗ್ನೇಯ ಯೂರೋಪಿನ ಬಾಲ್ಕನ್ ಪರ್ಯಾಯದ್ವೀಪಕ್ಕೆ ಸೇರಿದ ಸಂಯೋಜಕರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಸಣ್ಣ ವಾದ್ಯಮೇಳಗಳಿಗಾಗಿ ರಚಿಸಿದ ಕೃತಿಗಳಿಗಿರುವ ಒಟ್ಟು ಹೆಸರು. ನಿರ್ದೇಶಕನಿಲ್ಲದೆ, ಒಂದೊಂದು ಭಾಗವನ್ನು ಒಬ್ಬೊಬ್ಬರೇ ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಪ್ರಕಾರಕ್ಕೆ ಚೇಂಬರ್ ಸಂಗೀತ ಎನ್ನುತ್ತಾರೆ. ಎರಡು ವಯೊಲಿನ್, ಒಂದು ವಿಯೋಲಾ ಮತ್ತು ಒಂದು ಚೆಲ್ಲೊ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್ ಅದರ ಪ್ರಮುಖ ರೂಪ. ಈ ಪ್ರಕಾರದಲ್ಲಿ ಪ್ರತಿಯೊಂದು ಸ್ವರವೂ ಬರೆಹದಲ್ಲಿ ನಿಗದಿಯಾಗಿರುತ್ತದೆ. ಬಾಲ್ಕನ್ ಹಳ್ಳಿಗಳ ಸಂಗೀತವಾದರೋ ಬಾಯಿಂದ ಬಾಯಿಗೆ ಬಂದದ್ದು. ಅದರ ಲಯ ಸಮನಾದ ಅಳತೆಗೆ ಒಗ್ಗುವುದಿಲ್ಲ, ಅದರ ಸ್ವರಗಳು ಪಿಯಾನೊದ ಎರಡು ಮನೆಗಳ ನಡುವೆ ಬೀಳುವುದೂ ಉಂಟು. ಬರೆಯಲಾಗದ ಈ ಸಂಗೀತವನ್ನು ಬರೆದೇ ನುಡಿಸುವ ಪ್ರಕಾರದೊಳಗೆ ತರುವುದು ಹೇಗೆಂಬ ಪ್ರಶ್ನೆಯ ಸುತ್ತಲೇ ಇಲ್ಲಿನ ಹೆಚ್ಚಿನ ಮುಖ್ಯ ಕೃತಿಗಳು ಹುಟ್ಟಿವೆ. 1990ರ ದಶಕದ ಯುದ್ಧಗಳೂ ವಲಸೆಯೂ ಆ ಪ್ರಶ್ನೆಗೆ ಬೇರೆಯೇ ತೂಕವನ್ನು ತಂದುಕೊಟ್ಟವು.

ಹೆಸರು ಮತ್ತು ವ್ಯಾಪ್ತಿ

'ಬಾಲ್ಕನ್' ಎಂಬುದು ಪರ್ವತವನ್ನು ಸೂಚಿಸುವ ತುರ್ಕಿ ಪದ. ಬಲ್ಗೇರಿಯಾದ ಪರ್ವತಶ್ರೇಣಿಗೆ ಇದ್ದ ಹೆಸರು ಕ್ರಮೇಣ ಇಡೀ ಪರ್ಯಾಯದ್ವೀಪಕ್ಕೆ ಅಂಟಿಕೊಂಡಿತು. ಅಲ್ಬೇನಿಯಾ, ಗ್ರೀಸ್, ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ಸರ್ಬಿಯಾ, ಮಾಂಟೆನೆಗ್ರೊ, ಕೊಸೊವೊ ಮತ್ತು ಬೋಸ್ನಿಯಾ-ಹೆರ್ಜೆಗೊವಿನಾಗಳ ವಿಷಯದಲ್ಲಿ ವಿವಾದವಿಲ್ಲ. ರೊಮೇನಿಯಾ, ಕ್ರೊಯೇಷಿಯಾ ಮತ್ತು ಸ್ಲೊವೇನಿಯಾಗಳಲ್ಲಿ ಅನೇಕರು ತಮ್ಮನ್ನು ಮಧ್ಯ ಯೂರೋಪಿನವರೆಂದೇ ಕರೆದುಕೊಳ್ಳುತ್ತಾರೆ. ಇತಿಹಾಸಕಾರ್ತಿ ಮರಿಯಾ ತೊದೊರೊವಾ 1997ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಈ ಹೆಸರು ಬರೀ ಭೂಗೋಳದ್ದಾಗಿ ಉಳಿಯದೆ ಹಿಂದುಳಿದಿರುವಿಕೆಯ ಮತ್ತು ಹಿಂಸೆಯ ಸೂಚಕವಾಗಿ ಪಶ್ಚಿಮದಲ್ಲಿ ಬಳಕೆಯಾದ ಬಗೆಯನ್ನು ವಿವರಿಸಿದ್ದಾರೆ. ಸಂಗೀತದಲ್ಲೂ ಈ ತೊಡಕು ಇದೆ. ಹಿತ್ತಾಳೆ ವಾದ್ಯಗಳ ಮದುವೆಯ ಮೇಳವನ್ನು ಚಲನಚಿತ್ರಗಳಲ್ಲಿ ಕೇಳಿ ಬಂದ ಶ್ರೋತೃ 'ಬಾಲ್ಕನ್ ಸಂಯೋಜಕರ ಹೊಸ ಕೃತಿಗಳು' ಎಂಬ ಕಛೇರಿಯಲ್ಲಿ ಅದನ್ನೇ ನಿರೀಕ್ಷಿಸುತ್ತಾನೆ; ಸಿಗುವುದು ಹಲವು ವೇಳೆ ಅದಕ್ಕೆ ತೀರ ದೂರವಾದ, ಮೌನಕ್ಕೆ ಹತ್ತಿರವಾದ ಸಂಗೀತ.

ಜನಪದ ಮೂಲಗಳು

ಲಯದ ವಿಷಯದಲ್ಲಿ ಈ ಪ್ರದೇಶದ ವೈಶಿಷ್ಟ್ಯವೆಂದರೆ ಎರಡು ಮತ್ತು ಮೂರು ಮಾತ್ರೆಗಳ ಘಟಕಗಳನ್ನು ಬೆರೆಸಿದ ಅಸಮ ಆವರ್ತಗಳು. ಬಲ್ಗೇರಿಯಾದ ಪೈದುಷ್ಕೊ ಕುಣಿತದಲ್ಲಿ 2+3, ರಚೆನಿತ್ಸಾದಲ್ಲಿ 2+2+3, ಗ್ರೀಸಿನ ಕಲಮಟಿಯಾನೊಸ್‌ನಲ್ಲಿ 3+2+2, ಕೊಪನಿತ್ಸಾದಲ್ಲಿ ಹನ್ನೊಂದು ಮಾತ್ರೆಗಳ 2+2+3+2+2 ಹಂಚಿಕೆ ಇರುತ್ತದೆ. ಖಂಡಛಾಪು ಮತ್ತು ಮಿಶ್ರಛಾಪುಗಳನ್ನು ಬಲ್ಲ ಕರ್ನಾಟಕ ಸಂಗೀತದ ಕೇಳುಗರಿಗೆ ಇವುಗಳ ಲೆಕ್ಕ ಅಪರಿಚಿತವೆನಿಸದು. ಆದರೆ ಇಲ್ಲಿ ಕೈಯಲ್ಲಿ ಎಣಿಸುವ ತಾಳವಿಲ್ಲ; ಕುಣಿಯುವವರ ಕಾಲು ಗಿಡ್ಡ ಹೆಜ್ಜೆ, ಉದ್ದ ಹೆಜ್ಜೆ ಎಂದಷ್ಟೇ ಅದನ್ನು ಅರಿತಿರುತ್ತದೆ. ಹಂಗೇರಿಯ ಬೇಲಾ ಬಾರ್ಟೋಕ್ ಇದನ್ನು 'ಬಲ್ಗೇರಿಯನ್ ಲಯ' ಎಂದು ಕರೆದು, ತಮ್ಮ ಐದನೆಯ ಕ್ವಾರ್ಟೆಟ್‌ನ (1934) ನಡುವಣ ಭಾಗವನ್ನು 4+2+3ರ ಒಂಬತ್ತು ಮಾತ್ರೆಗಳಲ್ಲಿ ಕಟ್ಟಿದರು. ರೊಮೇನಿಯಾದ ವಿದ್ವಾಂಸ ಕಾನ್‌ಸ್ಟಾಂಟಿನ್ ಬ್ರೆಯಿಲೋಯು 1951ರಲ್ಲಿ ಇದಕ್ಕೆ 'ಅಕ್ಸಾಕ್' ಎಂಬ ಹೆಸರನ್ನು ಸ್ಥಿರಗೊಳಿಸಿದರು. ತುರ್ಕಿಯಲ್ಲಿ ಆ ಪದಕ್ಕೆ 'ಕುಂಟುವ' ಎಂದರ್ಥ.

ದಕ್ಷಿಣ ಅಲ್ಬೇನಿಯಾದ ಗುಂಪುಗಾಯನದಲ್ಲಿ ಕೆಲವರು 'ಇಸೊ' ಎಂಬ ಆಧಾರಸ್ವರವನ್ನು ಎಡೆಬಿಡದೆ ಹಿಡಿದಿದ್ದರೆ ಉಳಿದವರು ಅದರ ಮೇಲೆ ಹೆಣೆದುಕೊಂಡ ಸಾಲುಗಳನ್ನು ಹಾಡುತ್ತಾರೆ. ಯುನೆಸ್ಕೊ 2005ರಲ್ಲಿ ಈ ಗಾಯನಕ್ಕೆ ಮಾನ್ಯತೆ ನೀಡಿತು. ತಂಬೂರಿಯ ಶ್ರುತಿಯಂತೆ ಇಸೊ ಹಿನ್ನೆಲೆಯಲ್ಲಿ ನಿಲ್ಲುವುದಿಲ್ಲ. ಮೇಲಿನ ಸಾಲು ಅದಕ್ಕೆ ಒರಸಿಕೊಂಡು, ಕರ್ಕಶವೆನಿಸುವಷ್ಟು ಸಮೀಪಕ್ಕೆ ಬಂದು ದೂರ ಸರಿಯುತ್ತದೆ, ಮತ್ತು ಆ ಉಜ್ಜಾಟವೇ ಹಾಡಿನ ಸತ್ವ. ಸರ್ಬಿಯಾ, ಮಾಂಟೆನೆಗ್ರೊ ಮತ್ತು ಹೆರ್ಜೆಗೊವಿನಾಗಳಲ್ಲಿ ವೀರಗಾಥೆಗಳನ್ನು ಹಾಡುವವರು 'ಗುಸ್ಲೆ' ಎಂಬ ವಾದ್ಯವನ್ನು ಬಳಸುತ್ತಾರೆ. ಕುದುರೆಗೂದಲಿನ ಒಂದೇ ತಂತಿಯನ್ನು ಕಮಾನಿನಿಂದ ಉಜ್ಜಿ ನುಡಿಸುವ ಈ ವಾದ್ಯದ ಸ್ವರವ್ಯಾಪ್ತಿ ಬಹಳ ಕಿರಿದು. ಇವೆಲ್ಲಕ್ಕಿಂತ ಬೇರೆಯಾಗಿ ನಿಲ್ಲುವುದು ಆರ್ಥೊಡಾಕ್ಸ್ ಚರ್ಚುಗಳ ಎಂಟು ಸ್ವರಧಾಟಿಗಳ ಪದ್ಧತಿ. ಅದರ ಸರ್ಬಿಯನ್ ರೂಪವನ್ನು ಸ್ತೆವಾನ್ ಮೊಕ್ರಾನ್ಯಾತ್ಸ್ ಸ್ವರಲಿಪಿಗೆ ಇಳಿಸಿ 1908ರಲ್ಲಿ ಪ್ರಕಟಿಸಿದರು.

ಪೂರ್ವಸೂರಿಗಳು

ರೊಮೇನಿಯಾದ ಜಾರ್ಜ್ ಎನೆಸ್ಕು (1881–1955) 1926ರಲ್ಲಿ ರಚಿಸಿದ ಮೂರನೆಯ ವಯೊಲಿನ್ ಸೊನಾಟಾ ಮುಂದಿನವರಿಗೆ ಮಾದರಿಯಾಯಿತು. ಅದರಲ್ಲಿ ಜನಪದ ಹಾಡಿನ ಉದ್ಧರಣೆಗೆ ಪ್ರಾಧಾನ್ಯವಿಲ್ಲ. ಹಳ್ಳಿಯ ವಾದಕನು ಸ್ವರದಿಂದ ಸ್ವರಕ್ಕೆ ಜಾರುವ ರೀತಿ, ತಡೆಯುವ ರೀತಿ, ಕಮಾನಿನ ಒತ್ತಡ ಮುಂತಾದವನ್ನು ಎನೆಸ್ಕು ಹೆಜ್ಜೆಹೆಜ್ಜೆಗೂ ಸೂಚನೆಗಳ ಮೂಲಕ ಬರೆದಿಟ್ಟರು. ಕೇಳಿದವರಿಗೆ ಆಶುವಾದನದಂತೆ ತೋರುವ ಈ ಕೃತಿಯ ಸ್ವರಲಿಪಿ ಅತ್ಯಂತ ದಟ್ಟವಾದದ್ದು.

ಗ್ರೀಸಿನ ನಿಕೋಸ್ ಸ್ಕಾಲ್ಕೋಟಾಸ್ (1904–1949) ಬರ್ಲಿನ್ನಿನಲ್ಲಿ ಆರ್ನಲ್ಡ್ ಶೋನ್‌ಬರ್ಗ್ ಅವರ ಶಿಷ್ಯರಾಗಿದ್ದರು. 1933ರಲ್ಲಿ ಅಥೆನ್ಸಿಗೆ ಮರಳಿದ ಮೇಲೆ ವಾದ್ಯವೃಂದಗಳ ಹಿಂದಿನ ಸಾಲಿನಲ್ಲಿ ವಯೊಲಿನ್ ನುಡಿಸುತ್ತ ಜೀವನ ಸಾಗಿಸಿದರು. ಅವರ ಹನ್ನೆರಡು ಸ್ವರಗಳ ಪದ್ಧತಿಯ ಕೃತಿಗಳಲ್ಲಿ ಬಹುಪಾಲು ಅವರ ಜೀವಿತಕಾಲದಲ್ಲಿ ನುಡಿಸಲ್ಪಡಲೇ ಇಲ್ಲ. ಬರ್ಲಿನ್ನಿನಲ್ಲಿ ಬಿಟ್ಟುಬಂದ ಹಸ್ತಪ್ರತಿಗಳಲ್ಲಿ ಅನೇಕವು ಕಳೆದುಹೋದವು.

ಸರ್ಬಿಯಾದ ಲ್ಯೂಬಿಟ್ಸಾ ಮಾರಿಚ್ (1909–2003) ಬೆಲ್‌ಗ್ರೇಡ್‌ನಲ್ಲಿ ಯೊಸಿಪ್ ಸ್ಲಾವೆನ್‌ಸ್ಕಿ ಅವರಲ್ಲೂ ಪ್ರಾಗ್‌ನಲ್ಲಿ ಯೋಸೆಫ್ ಸುಕ್ ಹಾಗೂ ಅಲೋಯಿಸ್ ಹಾಬಾ ಅವರಲ್ಲೂ ಅಭ್ಯಾಸ ಮಾಡಿದರು. ಇಪ್ಪತ್ತೆರಡರ ಹರೆಯದಲ್ಲಿ ಬರೆದ ಅವರ ಗಾಳಿವಾದ್ಯಗಳ ಕ್ವಿಂಟೆಟ್ 1933ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅಂತಾರಾಷ್ಟ್ರೀಯ ಸಮಕಾಲೀನ ಸಂಗೀತೋತ್ಸವದಲ್ಲಿ ನುಡಿಸಲ್ಪಟ್ಟಿತು. 1950ರ ದಶಕದ ಕೊನೆಯಲ್ಲಿ ಮೊಕ್ರಾನ್ಯಾತ್ಸ್ ಸಂಗ್ರಹದ ಧಾಟಿಗಳನ್ನು ಆಧರಿಸಿ ಕೃತಿಮಾಲೆಯೊಂದನ್ನು ಆರಂಭಿಸಿದರು. ಪ್ರಾರ್ಥನಾಗೀತೆಯ ನಾಲ್ಕೈದು ಸ್ವರಗಳ ತುಣುಕನ್ನು ಮತ್ತೆ ಮತ್ತೆ ಹೊರಳಿಸಿ ನೋಡುವುದು ಅವರ ವಿಧಾನ. ಧರ್ಮಕ್ಕೆ ಅಧಿಕೃತ ಮನ್ನಣೆಯಿಲ್ಲದ ಸಮಾಜವಾದಿ ಯುಗೊಸ್ಲಾವಿಯಾದಲ್ಲಿ ಚರ್ಚಿನ ಧಾಟಿಗಳನ್ನು ವಾದ್ಯಸಂಗೀತಕ್ಕೆ ಒಯ್ದದ್ದು ಸಣ್ಣ ಸಂಗತಿಯೇನಲ್ಲ. ದೀರ್ಘ ಮೌನದ ನಂತರ ಅವರು ಚೇಂಬರ್ ಸಂಗೀತಕ್ಕೇ ಹಿಂದಿರುಗಿದರು: ಒಂಟಿ ಚೆಲ್ಲೊಗಾಗಿ 'ಮೊನೊಡಿಯಾ ಒಕ್ಟೊಯಿಹಾ' (1983), ಮೂರು ತಂತಿವಾದ್ಯಗಳಿಗಾಗಿ 'ಅರ್ಹಾಯಾ' (1992), ಪಿಯಾನೊ ತ್ರಯಕ್ಕಾಗಿ 'ತೊರ್ಜೊ' (1996). ಈ ಕೊನೆಯ ಕೃತಿಗಳು ಕಿರಿದಾಗಿವೆ, ಅಲಂಕಾರರಹಿತವಾಗಿವೆ. ಮುಂದಿನ ಪೀಳಿಗೆಗೆ ಹೆಚ್ಚು ಹತ್ತಿರವಾದವು ಇವೇ ಎನ್ನಬಹುದು.

ಶೀತಲ ಸಮರದ ಕಾಲ

ಎರಡನೆಯ ಮಹಾಯುದ್ಧದ ಅನಂತರ ಈ ಪ್ರದೇಶದ ದೇಶಗಳ ಸ್ಥಿತಿ ಒಂದೇ ತೆರನಾಗಿರಲಿಲ್ಲ. ಸೋವಿಯತ್ ಬಣದಿಂದ ಹೊರನಿಂತ ಯುಗೊಸ್ಲಾವಿಯಾದಲ್ಲಿ ಸಂಯೋಜಕ ಮಿಲ್ಕೊ ಕೆಲೆಮೆನ್ ಅವರ ಮುಂದಾಳತ್ವದಲ್ಲಿ 1961ರಲ್ಲಿ ಜಾಗ್ರೆಬ್ ಸಂಗೀತ ಬಿಯೆನಾಲೆ ಆರಂಭವಾಯಿತು. ಪೂರ್ವ ಮತ್ತು ಪಶ್ಚಿಮದ ಹೊಸ ಸಂಗೀತ ಒಂದೇ ವೇದಿಕೆಯಲ್ಲಿ ಕೇಳಿಬರುತ್ತಿದ್ದ ಅಪರೂಪದ ಉತ್ಸವ ಅದು. ಗ್ರೀಸಿನ ಯಾನಿಸ್ ಕ್ಸೆನಾಕಿಸ್ (1922–2001) ಪ್ರತಿರೋಧ ಚಳವಳಿಯಲ್ಲಿದ್ದು, ಅಥೆನ್ಸಿನ ಬೀದಿ ಕಾಳಗದಲ್ಲಿ ಗುಂಡಿನ ಚೂರು ಬಡಿದು ಎಡಗಣ್ಣನ್ನು ಕಳೆದುಕೊಂಡು, 1947ರಲ್ಲಿ ಪ್ಯಾರಿಸ್ಸಿಗೆ ಪಾರಾದರು. ತಾಯ್ನಾಡಿನಲ್ಲಿ ಅವರಿಗೆ ಮರಣದಂಡನೆ ವಿಧಿಸಲಾಗಿತ್ತು. 1974ರವರೆಗೆ ಅವರು ಮರಳಲಾಗಲಿಲ್ಲ. ಆರ್ದಿತ್ತಿ ಕ್ವಾರ್ಟೆಟ್‌ಗಾಗಿ ಬರೆದ ಅವರ 'ಟೆಟ್ರಾಸ್' (1983) ಬಹುತೇಕ ಜಾರುವ ಸ್ವರಗಳಿಂದಲೇ ಕಟ್ಟಿದ ಕೃತಿ.

ಎನ್ವರ್ ಹೊಜ್ಜಾ ಆಡಳಿತದ ಅಲ್ಬೇನಿಯಾದಲ್ಲಾದರೆ ಪಶ್ಚಿಮದ ಆಧುನಿಕ ಸಂಗೀತಕ್ಕೆ ಪ್ರವೇಶವೇ ಇರಲಿಲ್ಲ. 1967ರಲ್ಲಿ ಧರ್ಮಾಚರಣೆಯನ್ನೇ ನಿಷೇಧಿಸಲಾಯಿತು. 1972ರ ಡಿಸೆಂಬರಿನಲ್ಲಿ ನಡೆದ ಗೀತೋತ್ಸವವು ವಿದೇಶಿ ಪ್ರಭಾವಕ್ಕೆ ಒಳಗಾಗಿದೆಯೆಂಬ ಆರೋಪದ ಮೇಲೆ ಮರುವರ್ಷ ಕಲಾವಿದರ ಮೇಲೆ ಕಠಿಣ ಕ್ರಮ ಜರುಗಿತು. ಕವಾಯದಲ್ಲಿ 1958ರಲ್ಲಿ ಜನಿಸಿದ ಥಾಮಸ್ ಸಿಮಾಕು ಈ ಕಾಲದಲ್ಲಿ ಬೆಳೆದವರು. ತಿರಾನಾದಲ್ಲಿ ವ್ಯಾಸಂಗ ಮುಗಿಸಿ, ಗ್ರೀಸಿನ ಗಡಿಗೆ ಹತ್ತಿರದ ಪೆರ್ಮೆಟ್ ಪಟ್ಟಣದಲ್ಲಿ ಮೂರು ವರ್ಷ ಸಂಗೀತ ನಿರ್ದೇಶಕರಾಗಿ ದುಡಿದರು. ಇಸೊ ಗಾಯನದ ಸೀಮೆ ಅದು. 1991ರಲ್ಲಿ ಇಂಗ್ಲೆಂಡಿಗೆ ತೆರಳಿ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮುಂದುವರಿಸಿದರು. ಅವರ ಕ್ವಾರ್ಟೆಟ್‌ಗಳಲ್ಲಿ ಇಸೊ ನೇರವಾಗಿ ಕೇಳಿಸುವುದು ಕಡಿಮೆ. ಒಂದು ಸ್ವರ ನಾಲ್ಕು ವಾದ್ಯಗಳ ನಡುವೆ ಕೈ ಬದಲಾಯಿಸುತ್ತ, ಬಣ್ಣ ಬದಲಾಯಿಸುತ್ತ ಬಾಳುತ್ತದೆ. ಉಳಿದುದೆಲ್ಲವೂ ಅದರಿಂದ ಸಿಡಿದು ಅದಕ್ಕೇ ಮರಳುತ್ತದೆ. ಒಂಟಿ ವಾದ್ಯಗಳಿಗೆ ಬರೆದ 'ಸಾಲಿಲೊಕ್ವಿ' ಮಾಲೆಯಲ್ಲಿ ಆಧಾರಸ್ವರವನ್ನು ಹಿಡಿಯುವವನೂ ಹಾಡುವವನೂ ಒಬ್ಬನೇ. ಆ ಮಾಲೆಯ ಐದನೆಯದಾದ ರೆಕಾರ್ಡರ್ ಕೃತಿಗೆ 2009ರ ಬ್ರಿಟಿಷ್ ಸಂಯೋಜಕರ ಪ್ರಶಸ್ತಿ ದೊರೆಯಿತು. ನಾಲ್ಕನೆಯ ಮತ್ತು ಐದನೆಯ ಕ್ವಾರ್ಟೆಟ್‌ಗಳನ್ನು ದನೆಲ್ ಕ್ವಾರ್ಟೆಟ್ ಧ್ವನಿಮುದ್ರಿಸಿದೆ.

ಯುಗೊಸ್ಲಾವಿಯಾದ ವಿಘಟನೆ ಮತ್ತು ವ್ರೆಬಾಲೊವ್

1991ರಿಂದ ಆರಂಭವಾದ ಯುದ್ಧಗಳು ಸಂಗೀತಗಾರರನ್ನು ಚದುರಿಸಿದವು. ಸಾರಾಯೆವೊ ನಗರದ ಮುತ್ತಿಗೆಯ (1992–1996) ಕಾಲದಲ್ಲೂ ಅಲ್ಲಿನ ಸ್ಟ್ರಿಂಗ್ ಕ್ವಾರ್ಟೆಟ್ ಕಛೇರಿಗಳನ್ನು ನಿಲ್ಲಿಸಲಿಲ್ಲ. ವಿದ್ಯುತ್ತಾಗಲಿ ದೊಡ್ಡ ಸಭಾಂಗಣವಾಗಲಿ ಬೇಕಿಲ್ಲದ, ನಾಲ್ವರೇ ಹೊತ್ತು ಸಾಗಬಲ್ಲ ಮೇಳಕ್ಕೆ ಅದು ಸಾಧ್ಯವಾಯಿತು. ಅದೇ 1992ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸಂಯೋಜಕರ ವಾರ್ಷಿಕ ವೇದಿಕೆಯೊಂದು ಆರಂಭವಾಯಿತು.

ಈ ವಿಘಟನೆಯನ್ನು ಚೇಂಬರ್ ಸಂಗೀತದಲ್ಲಿ ನೇರವಾಗಿ ಎದುರಿಸಿದವರಲ್ಲಿ ಅಲೆಕ್ಸಾಂದ್ರಾ ವ್ರೆಬಾಲೊವ್ ಪ್ರಮುಖರು. ದಾನ್ಯೂಬ್ ದಂಡೆಯ ನೋವಿ ಸಾದ್ ನಗರದಲ್ಲಿ 1970ರಲ್ಲಿ ಜನಿಸಿದ ಅವರು 1995ರಲ್ಲಿ ಅಮೆರಿಕಕ್ಕೆ ತೆರಳಿದರು. ಸ್ಯಾನ್‌ಫ್ರಾನ್ಸಿಸ್ಕೊದ ಕ್ರೊನೊಸ್ ಕ್ವಾರ್ಟೆಟ್‌ನೊಂದಿಗಿನ ಅವರ ಒಡನಾಟದ ಮೊದಲ ಫಲ 'ಪನ್ನೋನಿಯಾ ಬೌಂಡ್‌ಲೆಸ್' (1998). 2007ರ ಕೃತಿಯ ಹೆಸರಿಗೆ 'ಈ ಬಿರುಗಾಳಿಯಲ್ಲಿ ನನ್ನನ್ನು ಹಿಡಿದುಕೋ, ನೆರೆಯವನೇ' ಎಂದರ್ಥ. ಇದರಲ್ಲಿ ಕ್ವಾರ್ಟೆಟ್‌ನ ವಾದಕರು ತಮ್ಮ ವಾದ್ಯಗಳನ್ನು ಬದಿಗಿಟ್ಟು ಗುಸ್ಲೆಯನ್ನೂ, ಒಂದು ಮಗ್ಗುಲಿಗೆ ದಪ್ಪ ಕೋಲು ಇನ್ನೊಂದಕ್ಕೆ ತೆಳು ಕಡ್ಡಿ ಬಳಸಿ ಬಾರಿಸುವ 'ತಪಾನ್' ಎಂಬ ದೊಡ್ಡ ಚರ್ಮವಾದ್ಯವನ್ನೂ ನುಡಿಸುತ್ತಾರೆ. ಧ್ವನಿಮುದ್ರಿಕೆಯಿಂದ ಆರ್ಥೊಡಾಕ್ಸ್ ಚರ್ಚಿನ ಗಂಟೆಗಳೂ ಮಸೀದಿಯ ಆಜಾನೂ ಕೇಳಿಬರುತ್ತವೆ. ಯುದ್ಧದಲ್ಲಿ ಶತ್ರುತ್ವದ ಗುರುತುಗಳಾಗಿದ್ದ ಈ ಎರಡು ಸದ್ದುಗಳು ಒಂದೇ ಊರಿನ ಗಾಳಿಯಲ್ಲಿ ಶತಮಾನಗಳ ಕಾಲ ಜೊತೆಗೇ ಕೇಳಿಸಿದ್ದವು ಎಂಬುದು ಕೃತಿಯ ತಿರುಳು. ಗುಸ್ಲೆಯ ಆಯ್ಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: 1990ರ ದಶಕದಲ್ಲಿ ಈ ವಾದ್ಯವನ್ನು ಉಗ್ರ ರಾಷ್ಟ್ರೀಯತೆಯ ಪ್ರಚಾರಕ್ಕೂ ಬಳಸಲಾಗಿತ್ತು. ವ್ರೆಬಾಲೊವ್ ಅದನ್ನು ನೆರೆಹೊರೆಯ ಮಾತಿಗೆ ಮರಳಿ ತಂದರು. ಸುಮಾರು ಇಪ್ಪತ್ತು ನಿಮಿಷಗಳ ಈ ಕೃತಿ ಕ್ರೊನೊಸ್‌ನ 'ಫ್ಲಡ್‌ಪ್ಲೇನ್' (2009) ಧ್ವನಿಮುದ್ರಿಕೆಯಲ್ಲಿದೆ.

ಮೊದಲ ಮಹಾಯುದ್ಧದ ಶತಮಾನದ ಸಂದರ್ಭಕ್ಕೆ ಬಂದ 'ಬಿಯಾಂಡ್ ಝೀರೊ: 1914–1918' (2014) ಬಿಲ್ ಮಾರಿಸನ್ ಅವರ ಚಿತ್ರದೊಂದಿಗೆ ನುಡಿಸಬೇಕಾದದ್ದು, ಆ ಚಿತ್ರವನ್ನು ಕಾಲದ ಹೊಡೆತಕ್ಕೆ ಕರಗಿಹೋಗುತ್ತಿದ್ದ ಹಳೆಯ ಯುದ್ಧಕಾಲದ ರೀಲುಗಳಿಂದ ಕಟ್ಟಲಾಗಿದೆ. ಕ್ವಾರ್ಟೆಟ್ ಮತ್ತು ಬಾಲಕಿಯರ ಗಾಯನವೃಂದಕ್ಕೆ ಬರೆದ 'ಮಿಸ್ಸಾ ಸುಪ್ರಾಟೆಕ್ಸ್ಟ್' ಕೃತಿಗೆ 2024ರ ಗ್ರಾವ್‌ಮೇಯರ್ ಪ್ರಶಸ್ತಿ ಸಂದಿತು.

ಇತರ ಸಂಯೋಜಕರು

ಬೆಲ್‌ಗ್ರೇಡ್‌ನಲ್ಲೇ ನೆಲೆಸಿದ್ದ ಇಸಿದೋರಾ ಝೆಬೆಲ್ಯಾನ್ (1967–2020) ಒಪೆರಾಗಳಿಂದ ಹೆಸರಾದವರು. ಬ್ರಾಡ್‌ಸ್ಕಿ ಕ್ವಾರ್ಟೆಟ್ ಧ್ವನಿಮುದ್ರಿಸಿರುವ ಅವರ 'ಪೊಲೊಮ್ಕಾ' ಕ್ವಾರ್ಟೆಟ್‌ನಲ್ಲಿ ಅಸಮ ಲಯ ಬಿರುಸಾಗಿ, ಹಲವೊಮ್ಮೆ ಹಾಸ್ಯಕ್ಕೆ ಹೊರಳುವಂತೆ ಓಡುತ್ತದೆ. ಬಲ್ಗೇರಿಯಾದ ಪ್ಲೊವ್ದಿವ್‌ನಲ್ಲಿ 1980ರಲ್ಲಿ ಜನಿಸಿ ಬಾಲ್ಯದಲ್ಲೇ ಲಂಡನ್ನಿಗೆ ಬಂದ ದೊಬ್ರಿಂಕಾ ತಬಕೋವಾ ಅವರ ಸಂಗೀತ ಇದಕ್ಕಿಂತ ಶಾಂತ. 'ಸ್ಟ್ರಿಂಗ್ ಪಾತ್ಸ್' (2013) ಸಂಪುಟದಲ್ಲಿ ತಂತಿವಾದ್ಯಗಳ ತ್ರಯ, ಸಪ್ತಕ ಮೇಳ, ಹಾಗೂ ವಯೊಲಿನ್-ಅಕಾರ್ಡಿಯನ್-ಡಬಲ್ ಬಾಸ್ ಕೂಡಿದ ಕೃತಿಗಳಿವೆ. ಅದು ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. 1992ರಲ್ಲಿ ಮಾಂಟ್ರಿಯಲ್‌ಗೆ ತೆರಳಿದ ಆನಾ ಸೊಕೊಲೊವಿಚ್ ಅವರ 'ಸ್ವಾದ್ಬಾ' (2011) ಆರು ಸ್ತ್ರೀಕಂಠಗಳಿಗೆ ಬರೆದ ಒಪೆರಾ. ಮದುವೆಯ ಹಿಂದಿನ ರಾತ್ರಿಯ ಹಾಡುಗಳನ್ನು ಆಧರಿಸಿದ ಇದರಲ್ಲಿ ವಾದ್ಯವೃಂದವೇ ಇಲ್ಲ.

ನುಡಿಸುವಿಕೆ

ಈ ಕೃತಿಗಳನ್ನು ನುಡಿಸುವವರಿಗೆ ಎದುರಾಗುವ ಮೊದಲ ಕಷ್ಟ ಲಯದ್ದು. ಏಳು ಮಾತ್ರೆಗಳನ್ನು ಒಂದೊಂದಾಗಿ ಎಣಿಸುತ್ತ ಹೋದರೆ ಕುಣಿತದ ನಡೆ ಸತ್ತುಹೋಗುತ್ತದೆ. ಉದ್ದ-ಗಿಡ್ಡಗಳ ಮೂರು ಹೆಜ್ಜೆಗಳಾಗಿ ಗ್ರಹಿಸಿದರೆ ಮಾತ್ರ ನಾಲ್ವರೂ ಒಟ್ಟಿಗೆ ಉಸಿರಾಡಬಲ್ಲರು. ಎರಡನೆಯದು ದನಿಯದು. ಸಂಗೀತಶಾಲೆಯಲ್ಲಿ ಕಲಿತ ದುಂಡು ನಾದವನ್ನು ಬಿಟ್ಟು, ಕಂಪನವಿಲ್ಲದ ಬರಿಯ ಸ್ವರವನ್ನೂ ಕಮಾನನ್ನು ಕುದುರೆಯ ಸಮೀಪಕ್ಕೆ ಒಯ್ದಾಗ ಬರುವ ಒರಟು ಸದ್ದನ್ನೂ ಧೈರ್ಯವಾಗಿ ಬಳಸಬೇಕಾಗುತ್ತದೆ. ಗುಸ್ಲೆಯಂಥ ವಾದ್ಯಗಳು ಬೇಕಾದ ಕೃತಿಗಳು ಎಲ್ಲ ಮೇಳಗಳಿಗೂ ದಕ್ಕುವುದಿಲ್ಲ. ಸ್ವರಲಿಪಿಯ ಮಿತಿಯನ್ನು ಬಾರ್ಟೋಕ್ ಕೊನೆಯ ವರ್ಷಗಳಲ್ಲಿ ಚೆನ್ನಾಗಿ ಕಂಡಿದ್ದರು: ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದಲ್ಲಿ ಧ್ವನಿಮುದ್ರಿಸಿದ ಹೆಂಗಸರ ಹಾಡುಗಳನ್ನು ಅವರು ನ್ಯೂಯಾರ್ಕಿನಲ್ಲಿ ಕುಳಿತು ಬರೆದಿಳಿಸಿದರು. ಅವರ ಮರಣಾನಂತರ 1951ರಲ್ಲಿ ಪ್ರಕಟವಾದ ಆ ಸಂಗ್ರಹದಲ್ಲಿ ಸರಳ ಹಾಡೊಂದರ ಒಂದು ಸಾಲಿಗೂ ಕಣ್ಣು ಕಟ್ಟುವಷ್ಟು ಕಿರುಸ್ವರಗಳ ಗುರುತುಗಳಿವೆ.