ವಾರಕ್ಕೆ ನಲವತ್ತು ಗಂಟೆ

ನಾಗಪುರದ ವರ್ಧಾ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿ. ಮೇ ತಿಂಗಳು, ಹೊರಗೆ 45 ಡಿಗ್ರಿ, ಒಳಗೆ ಕೂಲರಿನ ಗರಗರ ಸದ್ದು. ನಮ್ಮ ಮಗನಿಗೆ ಮೂರು ತುಂಬಲು ಇನ್ನೂ ಎರಡು ತಿಂಗಳಿತ್ತು. ‘ಆಟಿಸಂ’ ಎಂದು ಬರೆದಿದ್ದ ವರದಿ ಕೈಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಮೇಜಿನ ಆಚೆ ಕೂತಿದ್ದವರು ಲ್ಯಾಮಿನೇಟ್ ಮಾಡಿದ ಹಾಳೆಯೊಂದನ್ನು ನಮ್ಮ ಕಡೆ ಸರಿಸಿದರು. ಅದರಲ್ಲಿ ಎರಡು ಅಂಕಿಗಳು ದಪ್ಪಕ್ಷರದಲ್ಲಿದ್ದವು. ವಾರಕ್ಕೆ 40 ಗಂಟೆ. ಶೇಕಡ 47. ಮೊದಲನೆಯದು ಮಗು ಥೆರಪಿಯಲ್ಲಿ ಕಳೆಯಬೇಕಾದ ಹೊತ್ತು, ಎರಡನೆಯದು ‘ನಾರ್ಮಲ್’ ಆಗುವ ಮಕ್ಕಳ ಪ್ರಮಾಣವಂತೆ. ಕೆಳಗಿದ್ದ ತಿಂಗಳ ಫೀಸು ನಮ್ಮ ಮನೆಸಾಲದ ಕಂತಿಗಿಂತ ಹೆಚ್ಚಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಹಾಳೆ ನೋಡುತ್ತಿದ್ದೆ.

ನನ್ನದು ಐಟಿ ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ. ಕ್ಲೈಂಟ್ ಒಂದು ಅಂಕಿ ತಂದಿಟ್ಟರೆ ‘ಇದು ಎಲ್ಲಿಂದ ಬಂತು?’ ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಅಲ್ಲೂ ಬಾಯಿಗೆ ಅದೇ ಬಂತು. ‘ರಿಸರ್ಚ್ ಸಾರ್, ಅಮೆರಿಕದ್ದು’ ಎಂದರು. ಯಾರದ್ದು, ಯಾವಾಗಿನದ್ದು ಅಂದರೆ ಉತ್ತರವಿಲ್ಲ. ಅವತ್ತು ರಾತ್ರಿ ಮಗ ಮಲಗಿದ ಮೇಲೆ ಹುಡುಕಲು ಕೂತೆ. ನಾನು ವೈದ್ಯನಲ್ಲ. ಎಂಟೆಕ್ ಮಾಡುವಾಗ ಪ್ರಬಂಧ ಓದುವುದನ್ನು ಕಲಿತಿದ್ದೆ, ಅಷ್ಟೇ ಬಂಡವಾಳ.

ಆಟಿಸಂನ ಕತೆಯನ್ನು ಸಾಮಾನ್ಯವಾಗಿ 1943ರಿಂದ ಶುರುಮಾಡುತ್ತಾರೆ. ಆ ವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಲಿಯೋ ಕ್ಯಾನರ್ 11 ಮಕ್ಕಳನ್ನು ವರ್ಣಿಸಿ ಒಂದು ಪ್ರಬಂಧ ಬರೆದರು. (ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಇಂಥದ್ದೇ ಮಕ್ಕಳ ಬಗ್ಗೆ 1925ರಲ್ಲೇ ಬರೆದಿದ್ದರು. ಹೆಸರು ಮಾತ್ರ ಕ್ಯಾನರ್‌ಗೆ ಬಂತು.) ಕ್ಯಾನರ್ ಆ ಮಕ್ಕಳ ತಂದೆತಾಯಂದಿರ ಬಗ್ಗೆಯೂ ಒಂದೆರಡು ಮಾತು ಸೇರಿಸಿದ್ದರು: ಅವರಲ್ಲಿ ಅಂತಃಕರಣ ಇರುವವರು ಕಡಿಮೆ ಎಂದು. ಆ ಒಂದೆರಡು ಮಾತು ಬೆಳೆದು ಹೆಮ್ಮರವಾಯಿತು. ಬ್ರೂನೋ ಬೆಟೆಲ್‌ಹೈಮ್ ಎಂಬಾತ, ತಾನೇ ಹಿಟ್ಲರನ ಶಿಬಿರಗಳಲ್ಲಿ ಸೆರೆಯಿದ್ದು ಬಂದವನು, 1967ರ ತನ್ನ ಪುಸ್ತಕದಲ್ಲಿ ಈ ಮಕ್ಕಳನ್ನು ಶಿಬಿರದ ಕೈದಿಗಳಿಗೆ ಹೋಲಿಸಿದ. ಹಾಗಾದರೆ ಕಾವಲುಗಾರರು ಯಾರು? ತಾಯಂದಿರು. ‘ಫ್ರಿಜ್ಜಿನಂಥ ತಾಯಿ’ ಎಂಬ ಮಾತು ಎರಡು ದಶಕ ಓಡಾಡಿತು.

ಇದು ಹಳೇ ಕತೆ ಅಂದುಕೊಂಡಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬ ಹಿರಿಯರು ನನ್ನ ಹೆಂಡತಿಗೆ, ‘ನೀವಿಬ್ಬರೂ ಆಫೀಸಿಗೆ ಹೋಗ್ತೀರಿ, ಮಗು ಯಾರ ಜೊತೆ ಮಾತಾಡಬೇಕು?’ ಎಂದರು. ಊರಿಂದ ಬಂದಿದ್ದ ಅವ್ವ ಮಾತ್ರ, ‘ನಿಮ್ಮಪ್ಪನೂ ನಾಕು ವರ್ಷಕ್ಕ ಮಾತಾಡಿದ್ದು, ಸುಮ್ನಿರ್ರಿ’ ಎಂದು ಸೊಸೆಯ ಪಕ್ಕ ಕೂತಳು. ಆಕೆಯ ವೈದ್ಯಶಾಸ್ತ್ರ ತಪ್ಪಿರಬಹುದು, ಆದರೆ ಕೂತ ಜಾಗ ಸರಿಯಾಗಿತ್ತು.

ತಾಯಿಯನ್ನು ಕಟಕಟೆಯಿಂದ ಇಳಿಸಿದವರಲ್ಲಿ ಮುಖ್ಯರಾದವರು ಬರ್ನಾರ್ಡ್ ರಿಮ್‌ಲಂಡ್. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಅವರ ಮಗನಿಗೂ ಆಟಿಸಂ ಇತ್ತು. ಇದು ಮಿದುಳಿನ ಬೆಳವಣಿಗೆಯ ವಿಷಯ, ಸಾಕಿದ ರೀತಿಯದ್ದಲ್ಲ ಎಂದು 1964ರಲ್ಲಿ ಪುಸ್ತಕ ಬರೆದರು, ಮರುವರ್ಷ ಪೋಷಕರ ಸಂಘ ಕಟ್ಟಲು ನಿಂತರು. ಆ ಸಂಘದ ಪೋಷಕರು ವರ್ತನಾ ಚಿಕಿತ್ಸೆಯತ್ತ ಹೊರಳಿದ್ದಕ್ಕೆ ಅರ್ಧ ಕಾರಣ ಇಲ್ಲೇ ಇದೆ ಅನ್ನಿಸುತ್ತದೆ ನನಗೆ. ಅದು ‘ತಪ್ಪು ಯಾರದ್ದು?’ ಎಂದು ಕೇಳುತ್ತಿರಲಿಲ್ಲ. ‘ನಾಳೆ ಏನು ಕಲಿಸೋಣ?’ ಎಂದು ಕೇಳುತ್ತಿತ್ತು.

ಕಲಿಸಿಯೂ ತೋರಿಸಿತ್ತು. 1964ರಲ್ಲೇ ಮಾಂಟ್ರೋಸ್ ವುಲ್ಫ್ ಮತ್ತು ಸಂಗಡಿಗರು ಡಿಕಿ ಎಂಬ ಮೂರೂವರೆ ವರ್ಷದ ಹುಡುಗನ ಬಗ್ಗೆ ಬರೆದರು. ಅವನ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುತ್ತದೆ, ಹಾಕಲು ಹೋದರೆ ಕಿತ್ತೆಸೆಯುತ್ತಾನೆ. ಮೊದಲು ಬರೀ ಫ್ರೇಮು ಮುಟ್ಟಿದರೆ ತಿನಿಸು, ಆಮೇಲೆ ಕೈಯಲ್ಲಿ ಹಿಡಿದರೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕನ್ನಡಕ ಹಾಕಿಸಿದರು. ಇಂಥದ್ದನ್ನು ಓದಿದರೆ ಯಾವ ಅಪ್ಪನಿಗೆ ಆಸೆ ಹುಟ್ಟುವುದಿಲ್ಲ?

ಇನ್ನೊಂದು ಮುಖ ನೋಡಿ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓಲೆ ಐವರ್ ಲೋವಾಸ್ ಎಂಬ ಪ್ರೊಫೆಸರು ಈ ವಿಧಾನವನ್ನು ಆಟಿಸಂ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ಬಳಸಿದರು. 1965ರ ಮೇ ತಿಂಗಳ ‘ಲೈಫ್’ ಪತ್ರಿಕೆ ಅವರ ಬಗ್ಗೆ ಸಚಿತ್ರ ಲೇಖನ ಹಾಕಿತು. ಅದರ ಶೀರ್ಷಿಕೆಯಲ್ಲೇ ಚೀರಾಟ, ಏಟು, ಪ್ರೀತಿ ಮೂರೂ ಇದ್ದವು. ಚಿತ್ರಗಳಲ್ಲಿ ಮಗುವಿನ ಮುಖಕ್ಕೆ ಬಾಯಿಟ್ಟು ಗದರುವ ದೊಡ್ಡವರಿದ್ದರು. ವಿದ್ಯುತ್ ಹರಿಸಿದ ನೆಲದ ಪ್ರಯೋಗವೂ ಅಲ್ಲಿ ನಡೆದಿತ್ತು. ಆ ಕಾಲದಲ್ಲಿ ಇದನ್ನು ಓದಿ ಬೆಚ್ಚಿದವರಿಗಿಂತ ಮೆಚ್ಚಿದವರೇ ಹೆಚ್ಚೇನೋ.

ಲ್ಯಾಮಿನೇಟೆಡ್ ಹಾಳೆಯ ಎರಡೂ ಅಂಕಿ ಸಿಕ್ಕಿದ್ದು ಇದೇ ಲೋವಾಸರ 1987ರ ಪ್ರಬಂಧದಲ್ಲಿ. ವಾರಕ್ಕೆ 40 ಗಂಟೆಯಂತೆ ಎರಡು ವರ್ಷಕ್ಕೂ ಹೆಚ್ಚು ಕಾಲ ತರಬೇತಿ ಪಡೆದವರು 19 ಮಕ್ಕಳು. ಅವರಲ್ಲಿ 9 ಮಕ್ಕಳು ಸಾಮಾನ್ಯ ಬುದ್ಧಿಮಟ್ಟ ಮುಟ್ಟಿ ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರು. ಒಂಬತ್ತನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಶೇಕಡ 47. ನನಗೆ ಆ ರಾತ್ರಿ ನಗು ಬಂತೋ ಅಳು ಬಂತೋ ಹೇಳಲಾರೆ. ನಾಗಪುರದ ಒಂದು ಮೇಜಿನ ಮೇಲೆ ನಮ್ಮ ಮಗನ ಭವಿಷ್ಯವಾಗಿ ಕೂತಿದ್ದು ದೂರದೂರಿನ ಒಂಬತ್ತು ಮಕ್ಕಳು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಕಲಿಸುವವರು ಎಷ್ಟು ಜನ ಸಿಗುತ್ತಾರೆ ಎಂಬುದರ ಮೇಲೆ ಹಂಚಿದ್ದರು. ಗದರುವುದು, ತೊಡೆಗೆ ಏಟು ಕೊಡುವುದು ಆ ಚಿಕಿತ್ಸೆಯ ಭಾಗವಾಗಿತ್ತು. ಹಾಳೆಯಲ್ಲಿ ಅದಿರಲಿಲ್ಲ.

ಮುಂದೆ ಲೋವಾಸರ ಶಿಷ್ಯ ಟ್ರಿಸ್ಟ್ರಾಮ್ ಸ್ಮಿತ್ 2000ದಲ್ಲಿ 28 ಮಕ್ಕಳನ್ನು ಯಾದೃಚ್ಛಿಕವಾಗಿ ಹಂಚಿ, ವಾರಕ್ಕೆ ಸುಮಾರು 25 ಗಂಟೆ ಕೊಟ್ಟು ನೋಡಿದರು. ಮಕ್ಕಳು ಕಲಿತರು, ಆದರೆ ಗುರುಗಳ ಅಂಕಿಯ ಹತ್ತಿರಕ್ಕೂ ಬರಲಿಲ್ಲ. 2018ರ ಕಾಕ್ರೇನ್ ಸಮೀಕ್ಷೆ ಈ ತೀವ್ರ ಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಪ್ರಯೋಜನ ಇದ್ದೀತು, ಪುರಾವೆ ಮಾತ್ರ ಬಲವಾಗಿಲ್ಲ ಎಂದಿತು.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿದ್ದು ಮಾತ್ರ 1973ರ ಇನ್ನೊಂದು ಪ್ರಬಂಧ. ಲೋವಾಸರು ತಮ್ಮ ಮೊದಮೊದಲ ಮಕ್ಕಳು ಏನಾದರು ಎಂದು ತಿರುಗಿ ನೋಡಿದ್ದು. ಚಿಕಿತ್ಸೆಯ ಬಳಿಕ ಆಸ್ಪತ್ರೆಗಳಿಗೆ ಮರಳಿದ ಮಕ್ಕಳು ಕಲಿತದ್ದನ್ನು ಕಳೆದುಕೊಂಡಿದ್ದರು. ಮನೆಗೆ ಹೋದವರು, ಅಂದರೆ ತಂದೆತಾಯಿಗೆ ವಿಧಾನ ಕಲಿಸಿ ಕಳಿಸಿದವರು, ಉಳಿಸಿಕೊಂಡಿದ್ದರು. ಆ ಪ್ರಬಂಧ ಓದಿದ ಮಾರನೇ ದಿನ ಮೊದಲ ಸೆಂಟರಿಗೆ ಫೋನ್ ಮಾಡಿ, ಥೆರಪಿ ನಡೆಯುವಾಗ ನಾವು ಒಳಗೆ ಕೂರಬಹುದೇ ಎಂದು ಕೇಳಿದೆ. ಮಗುವಿನ ಗಮನ ಹೋಗುತ್ತದೆ, ತಿಂಗಳಿಗೊಮ್ಮೆ ಮೀಟಿಂಗ್ ಇರುತ್ತದೆ ಎಂದರು. ‘ಮಗು ಬೇಡ ಅಂದರೆ ಏನು ಮಾಡುತ್ತೀರಿ?’ ಎಂದೆ. ‘ಅದು ತಪ್ಪಿಸಿಕೊಳ್ಳುವ ವರ್ತನೆ ಸಾರ್, ಬಿಡೋದಿಲ್ಲ, ಕೆಲಸ ಮುಗಿಸಿಸ್ತೀವಿ’ ಎಂದರು. ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ.

ಎರಡನೇ ಸೆಂಟರಿನ ಗೋಡೆ ತುಂಬ ಸರ್ಟಿಫಿಕೇಟು. ಇಲ್ಲಿ ನಮ್ಮ ದೇಶದ ಚರಿತ್ರೆ ಸ್ವಲ್ಪ ಬೇಕು. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲೇ ಇಲ್ಲ. ಮೆರಿ ಬರುವಾ ದೆಹಲಿಯಲ್ಲಿ ಕಟ್ಟಿದ ‘ಆಕ್ಷನ್ ಫಾರ್ ಆಟಿಸಂ’ನಂಥ ಪೋಷಕರ ಸಂಸ್ಥೆಗಳು ಹಟ ಹಿಡಿದದ್ದರಿಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆ ಪದ ಬಂತು, 2016ರ ಕಾಯ್ದೆಯ 21 ವರ್ಗಗಳಲ್ಲಿ ಗಟ್ಟಿಯಾಗಿ ಕೂತಿತು. ಕಲಿಸುವವರನ್ನು ನೋಂದಾಯಿಸುವುದು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು. ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕ್ಲಿನಿಕಲ್ ಸೈಕಾಲಜಿಸ್ಟರು ಆ ಪಟ್ಟಿಯಲ್ಲಿದ್ದಾರೆ. ‘ಬಿಹೇವಿಯರ್ ಅನಲಿಸ್ಟ್’ ಎಂಬ ವರ್ಗವಿಲ್ಲ. ಅದಕ್ಕೆ ಅಮೆರಿಕದ ಮಂಡಳಿಯೊಂದರ ಪ್ರಮಾಣಪತ್ರವೇ ಆಧಾರವಾಗಿತ್ತು. ಆ ಮಂಡಳಿ 2023ರಿಂದ ಬೆರಳೆಣಿಕೆಯ ದೇಶಗಳ ಹೊರಗಿನವರ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು, ನಮ್ಮದೂ ಹೊರಗೇ. ಮಗುವಿನ ಜೊತೆ ನಿಜವಾಗಿ ಕೂರುವ ಕೆಳಹಂತದ ತಂತ್ರಜ್ಞರಿಗೆ ಆ ಮಂಡಳಿ ಕೇಳುತ್ತಿದ್ದ ಪಾಠದ ಅವಧಿ ಎಷ್ಟು ಗೊತ್ತೇ? ಮತ್ತೆ 40 ಗಂಟೆ. ಗೋಡೆಯ ಸರ್ಟಿಫಿಕೇಟುಗಳಲ್ಲಿ ಪರಿಷತ್ತಿನ ನೋಂದಣಿ ಸಂಖ್ಯೆ ಇದ್ದದ್ದು ಒಂದರಲ್ಲಿ. ಅವರು ವಾರಕ್ಕೊಮ್ಮೆ ಬರುತ್ತಾರಂತೆ.

ಅಲ್ಲಿ ಹೇಳಿದ ಇನ್ನೊಂದು ಮಾತು ಫೀಸಿಗಿಂತ ಭಾರವಾಗಿತ್ತು. ‘ಮನೆಯಲ್ಲಿ ಕನ್ನಡ, ಕೆಳಗೆ ಆಡುವಾಗ ಮರಾಠಿ, ಇಲ್ಲಿ ಹಿಂದಿ, ಮುಂದೆ ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲ. ಒಂದೇ ಭಾಷೆ ಇಟ್ಟುಕೊಳ್ಳಿ, ಹಿಂದಿ.’ ನಾವು ಒಪ್ಪಿದೆವು. ಹನ್ನೊಂದು ದಿನ ಮನೆಯಲ್ಲಿ ಹಿಂದಿ ನಡೆಯಿತು. ಧಾರವಾಡದ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲದ ಅವ್ವ ಮೊಮ್ಮಗನ ಎದುರು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು. ಹನ್ನೆರಡನೇ ದಿನ ಅವನ ತಲೆ ನೇವರಿಸುತ್ತ ಏನೋ ಹೇಳಲು ಹೋಗಿ, ನಮ್ಮನ್ನು ನೋಡಿ ನಿಲ್ಲಿಸಿದಳು. ಆಮೇಲೆ ಹುಡುಕಿದರೆ, ಮಾಂಟ್ರಿಯಲ್‌ನ ಹ್ಯಾಂಬ್ಲಿ ಮತ್ತು ಫೋಂಬೋನ್ 2012ರಲ್ಲೇ ಬರೆದಿದ್ದರು: ಎರಡು ಭಾಷೆ ಕೇಳುತ್ತ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಆ ಹನ್ನೊಂದು ದಿನದ ಸಿಟ್ಟು ನನಗೆ ನನ್ನ ಮೇಲೇ ಇದೆ.

ನಮ್ಮ ನಾಡಿನಲ್ಲಿ ಏನು ನಡೆದಿತ್ತು ಎಂದು ನೋಡಿದ್ದು ಆಮೇಲೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರದ್ದು. ಅಲ್ಲಿ ಪಾಠ ಹೇಳಿದ್ದ ಪ್ರತಿಭಾ ಕಾರಂತ 2000ದಲ್ಲಿ ಬೆಂಗಳೂರಿನಲ್ಲಿ ‘ಕಮ್ಯುನಿಕೇಷನ್ ಡೀಲ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಯಾವುದೋ ಒಂದೇ ಪಂಥಕ್ಕೆ ಜೋತುಬೀಳದೆ, ಮಾತು, ಚಲನೆ, ಆಟ ಎಲ್ಲವನ್ನೂ ಸೇರಿಸಿ ಚಿಕ್ಕ ಮಕ್ಕಳಿಗೆ ಕಲಿಸುವ ನಮ್ಮದೇ ಮಾದರಿ ಅದು. ಇದೇ ಮೈಸೂರು ಬೆಂಗಳೂರುಗಳಲ್ಲಿ ಬೆಳೆದ ಟಿಟೊ ಮುಖ್ಯೋಪಾಧ್ಯಾಯ ಮಾತಿಲ್ಲದ ಹುಡುಗ. ಅವನ ಹೆಸರಿನ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಬಂತು. ತಾಯಿ ಸೋಮಾ ಅವನಿಗೆ ಕಲಿಸಿದ ವಿಧಾನ ಅಮೆರಿಕದಲ್ಲಿ ಹೆಸರು ಮಾಡಿತು. ಆದರೆ ಅಲ್ಲಿನ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ, ಆ ವಿಧಾನದಲ್ಲಿ ಹೊರಬರುವ ಮಾತು ಮಗುವಿನದ್ದೋ ಪಕ್ಕ ಕೂತವರದ್ದೋ ಹೇಳಲಾಗದು, ಬಳಸಬೇಡಿ ಎಂದು ಎಚ್ಚರಿಸಿತು. ಆ ತಾಯಿಯ ಬಗ್ಗೆ ಓದುವಾಗ ನನ್ನೊಳಗಿನ ಎಂಜಿನಿಯರು ಒಂದು ಹೇಳಿದ, ಅಪ್ಪ ಇನ್ನೊಂದು.

2015ರ ‘ಪಾಸ್’ ಪ್ರಯೋಗ ನಮ್ಮ ಜೇಬಿಗೆ ಹೆಚ್ಚು ಹತ್ತಿರದ್ದಾಗಿತ್ತು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ 65 ಮಕ್ಕಳು. ದೊಡ್ಡ ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಪೋಷಕರು ಮಗುವಿನ ಜೊತೆ ಆಡುವ ವಿಡಿಯೋ ತೆಗೆದು, ಅದನ್ನು ಅವರಿಗೇ ತೋರಿಸಿ, ಮಗುವಿನ ಸೂಚನೆ ಹಿಡಿಯುವುದನ್ನು ಕಲಿಸಿದರು. ತಂದೆತಾಯಿ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗುವೇ ಸಂವಾದ ಶುರುಮಾಡುವುದು ಹೆಚ್ಚಿತು. ಪವಾಡವೇನೂ ಅಲ್ಲ.

ನಾವು ಆರಿಸಿದ್ದು ಮೂರನೆಯದನ್ನು. ಖಾಮ್ಲಾ ಕಡೆ ಒಂದು ಮನೆಯ ಕೆಳಮಹಡಿ, ಬೋರ್ಡು ಚಿಕ್ಕದು. ನೋಂದಣಿ ಸಂಖ್ಯೆಯಿರುವ ಮರಾಠಿ ವಿಶೇಷ ಶಿಕ್ಷಕಿ, ವಾರಕ್ಕೆ ಎರಡು ದಿನ ವಾಕ್ ಚಿಕಿತ್ಸಕಿ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ. ಒಟ್ಟು ಹತ್ತು, ನಲವತ್ತಲ್ಲ. ಎಷ್ಟು ಮಕ್ಕಳು ನಾರ್ಮಲ್ ಆಗಿದ್ದಾರೆ ಎಂದಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ‘ಇವನಿಗೆ ಈಗ ಯಾವುದು ಹೆಚ್ಚು ಕಷ್ಟವಾಗ್ತಿದೆ?’ ಎಂದು ತಿರುಗಿ ಕೇಳಿದರು. ನಮ್ಮಲ್ಲೊಬ್ಬರು ಕಡ್ಡಾಯವಾಗಿ ಒಳಗೆ ಕೂರಬೇಕು. ನನ್ನ ಪಾಳಿ ಮಂಗಳವಾರ, ಶುಕ್ರವಾರ; ಆ ಹೊತ್ತಿಗೆ ಆಫೀಸಿನ ಕಾಲ್‌ಗಳನ್ನು ಸರಿಸಿದ್ದೇನೆ. ಹತ್ತು ಸಾಕೋ, ನಲವತ್ತೇ ಬೇಕಿತ್ತೋ ಎಂಬ ಪ್ರಶ್ನೆ ಕೆಲವು ರಾತ್ರಿ ಈಗಲೂ ಎಬ್ಬಿಸುತ್ತದೆ.

ಕಳೆದ ಶುಕ್ರವಾರ ಮಣಿ ಪೋಣಿಸುವ ಪಾಠ. ನಾಲ್ಕು ಮಣಿ ಆಯಿತು. ಐದನೆಯದನ್ನು ಅವರು ಮುಂದೆ ಹಿಡಿದಾಗ ಮಗ ಕೈ ಹಿಂದೆ ಕಟ್ಟಿಕೊಂಡು, ‘ಬ್ಯಾಡ’ ಎಂದ. ಅಜ್ಜಿಯದೇ ಉಚ್ಚಾರ. ಶಿಕ್ಷಕಿ ನನ್ನ ಕಡೆ ತಿರುಗಿ, ‘ಬ್ಯಾಡ ಮ್ಹಣಜೇ ಕಾಯ್?’ ಎಂದರು. ಹೇಳಿದೆ. ಅವರು ತಮ್ಮ ವಹಿಯಲ್ಲಿ ಆ ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡು, ಮಣಿಯ ಡಬ್ಬಿಯ ಮುಚ್ಚಳ ಹಾಕಿದರು.